ಗೇಲಿಕ್ ಗಿರಿನಾಮಗಳ ಅರ್ಥವಿಚಾರ

ಸ್ಥಳನಾಮಗಳ ಶೋಧನೆಯು ನಮ್ಮ ಪಂಡಿತಮಂಡಲಿಗೆ ಹೊಸತಲ್ಲ. ಶಾಸನಗಳಲ್ಲಿ ಬರುವ ಊರುಗಳನ್ನು ಗುರುತಿಸುವುದಕ್ಕಾಗಿ ನಾಮಗಳ ಪೂರ್ವರೂಪಗಳನ್ನು ಅರಸುವ ಕಾರ್ಯವು ಬಹುಕಾಲದಿಂದ ನಡೆದುಬಂದಿದೆ. ಆದರೆ ನಾಮಕ್ಕೆ ಅರ್ಥವೆಂದರೇನು, ಅದರ ಅರ್ಥವನ್ನು ಹೇಳಿದವನು ನಿಜವಾಗಿ ಏನನ್ನು ಹೇಳಿದಂತಾಯಿತು ಎಂಬ ಮೂಲಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿಕೊಂಡು ವಿಚಾರಿಸುವುದು ಅಪೂರ್ವ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಸ್ಕಾಟ್ಲೆಂಡು ದೇಶದ ಉತ್ತರ ಮತ್ತು ಪಶ್ಚಿಮ ಭಾಗಗಳ ಬೆಟ್ಟಸೀಮೆಯ ಗಿರಿನಾಮಗಳ ಮೂಲಕ ಪರೀಕ್ಷಿಸಲು ಉದ್ದೇಶಿಸಿದೆ. ಆ ನಾಮಗಳಲ್ಲಿ ಬಹುಭಾಗವು ಗೇಲಿಕ್ ಭಾಷೆಗೆ ಸೇರಿದುವು.

ಗೇಲಿಕ್ ಎಂಬುದು ಕೆಲ್ಟಿಕ್ ವರ್ಗದ ಭಾಷೆ. ಈ ವರ್ಗಕ್ಕೂ ಸಂಸ್ಕೃತಕ್ಕೂ ಮೂಲವೊಂದೇ ಆಗಿರಬಹುದೆಂದು ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯ ತನ್ನ ಉಪನ್ಯಾಸದಲ್ಲಿ ಊಹಿಸಿದನು. ಜರ್ಮನ್ ಪಂಡಿತ ಜಾಯ್ಸನು ೧೮೫೩ರಲ್ಲಿ ಪ್ರಕಟಿಸಿದ ಕೆಲ್ಟಿಕ್ ವ್ಯಾಕರಣದಿಂದ ಆ ಭಾಷೆಗಳ ಅಧ್ಯಯನಕ್ಕೆ ಶಾಸ್ತ್ರೀಯವಾದ ತಳಹದಿ ದೊರೆಯಿತು. ನಮ್ಮ 'ನಾಮನ್' ಶಬ್ದವೂ ಗೇಲಿಕ್ಕಿನ 'ಎನೆಮ್' ಶಬ್ದವೂ ಒಂದೇ ಮೂಲದಿಂದ ಹೊರಟುವು. ಕನ್ನಡ ವಿದ್ವಾಂಸರಿಗೆ ಆ ಸೀಮೆಯೊಡನೆ ಮತ್ತೊಂದು ಋಣಾನುಬಂಧವೂ ಉಂಟು. ೧೭೯೯ರ ಅನಂತರ ಮೈಸೂರು ಸೀಮೆಯನ್ನು ಅಳೆಯಿಸಿ, ಕಾವಲಿ ಸೋದರರೇ ಮೊದಲಾದ ಪಂಡಿತರ ನೆರವಿನಿಂದ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯು ಹುಟ್ಟಿದುದು ಗೇಲಿಕ್ ಸೀಮೆಯಾದ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ಪಟ್ಟಣದಲ್ಲಿ. ನಮ್ಮ ಊರುಗಳ ನಾಮಗಳನ್ನು ಬರೆಯಿಸಿಟ್ಟವನ ಹುಟ್ಟುನೆಲದ ನಾಮಗಳನ್ನು ನಾವು ಒಮ್ಮೆ ವಿಚಾರಿಸುವುದು ಅನುಚಿತವಾಗಲಾರದು.

ಈ ವಿಷಯಕ್ಕೆ ಸಾಧನಸಾಮಗ್ರಿಯ ಕೊರತೆಯಿಲ್ಲ. ಎಡ್ವರ್ಡ್ ಡ್ವೆಲಿಯ ಗೇಲಿಕ್ ನಿಘಂಟು ೧೯೦೧ರಿಂದ ೧೯೧೧ರ ವರೆಗೆ ಭಾಗಭಾಗವಾಗಿ ಹೊರಬಂದಿತು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಕೆಲ್ಟಿಕ್ ಪ್ರಾಧ್ಯಾಪಕರಾಗಿದ್ದ ಡಬ್ಲ್ಯು. ಜೆ. ವಾಟ್ಸನ್ನರು ೧೯೨೬ರಲ್ಲಿ ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆಯನ್ನು ಪ್ರಕಟಿಸಿದರು. ೧೯೭೬ರಲ್ಲಿ ನಿಕೊಲೈಸನ್ನರ ಸ್ಥಳನಾಮಗ್ರಂಥವೂ, ೧೯೯೧ರಲ್ಲಿ ಪೀಟರ್ ಡ್ರಮಂಡರು ಗಿರಿನಾಮಗಳಿಗಾಗಿಯೇ ಬರೆದ ಗ್ರಂಥವೂ ಬಂದುವು. ಇವರ ಪರಿಶ್ರಮವು ಗೌರವಾರ್ಹವಾದುದು. ಇಲ್ಲಿ ವಿಮರ್ಶೆಗೆ ಗುರಿಯಾಗತಕ್ಕದ್ದು ಈ ಗ್ರಂಥಗಳಲ್ಲ. ಇವುಗಳಿಂದ ಸಾರವನ್ನು ಹಿಂಡಿ, ಬೆಟ್ಟ ಹತ್ತುವವರ ಕೈಪಿಡಿಗಳಲ್ಲಿಯೂ ಪ್ರವಾಸಿಗಳ ಪುಸ್ತಕಗಳಲ್ಲಿಯೂ ಅಚ್ಚಾಗುವ ಪಟ್ಟಿಗಳು. ಎಡಗಡೆಯಲ್ಲಿ ಒಂದು ನಾಮ, ಬಲಗಡೆಯಲ್ಲಿ 'ನೀಲಿ ಬೆಟ್ಟ', 'ಕೆಂಪು ಬೆಟ್ಟ', 'ಗಾಳಿಯ ಬೆಟ್ಟ' ಎಂದು ಎರಡು ಮಾತು. ಇಷ್ಟಕ್ಕೆ ಅರ್ಥಕಥನವು ಮುಗಿಯಿತೆಂಬ ಭಾವನೆ ಓದುವವರಲ್ಲಿ ಬೇರೂರಿದೆ. ಇದು ಬಾಗಿಲನ್ನು ತೋರಿಸಿ ಮನೆಯನ್ನು ತೋರಿಸಿದೆನೆಂದಂತೆ ಎಂಬುದೇ ಈ ಲೇಖನದ ಪ್ರತಿಜ್ಞೆ.

ಮೊದಲನೆಯದಾಗಿ ಬೆಟ್ಟವನ್ನು ಹೇಳುವ ಜಾತಿವಾಚಕಗಳನ್ನು ನೋಡೋಣ. ಅಮರಸಿಂಹನು ಶೈಲವರ್ಗದಲ್ಲಿ ಗಿರಿ, ಅದ್ರಿ, ಅಚಲ, ಶೈಲ, ಶಿಲೋಚ್ಚಯ ಮೊದಲಾದ ಪದಗಳನ್ನು ಒಂದೇ ಅರ್ಥದವನ್ನಾಗಿ ಪಠಿಸಿದ್ದಾನೆ. ಕವಿಯು ಛಂದಸ್ಸಿಗೂ ಪ್ರಾಸಕ್ಕೂ ಒಪ್ಪುವುದನ್ನು ಅವುಗಳಿಂದ ಆರಿಸಿಕೊಳ್ಳುತ್ತಾನೆ. ಈ ಸಂಸ್ಕಾರದಿಂದ ಬಂದವನು ಗೇಲಿಕ್ ನಿಘಂಟನ್ನು ತೆರೆದರೆ ಅಲ್ಲಿಯೂ ಬೆಟ್ಟಕ್ಕೆ ಹತ್ತಾರು ಪರ್ಯಾಯಗಳಿರುವಂತೆ ತೋರುವುದು. ವಾಸ್ತವದಲ್ಲಿ ಅವು ಪರ್ಯಾಯಗಳಲ್ಲ. 'ಬೇನ್' ಎಂಬುದು ದೊಡ್ಡ ಬೆಟ್ಟಕ್ಕೆ ಸಾಮಾನ್ಯವಾದ ಮಾತು; ನಕ್ಷೆಗಳ 'ಬೆನ್' ಇದೇ. 'ಸ್ಕೂರ್' ಎಂದರೆ ಕಡಿದಾದ ಬಂಡೆಯ ಶಿಖರ. ಪಶ್ಚಿಮತೀರದಲ್ಲಿಯೂ ಸ್ಕೈ ದ್ವೀಪದಲ್ಲಿಯೂ ಇದು ಹೆಚ್ಚು. 'ಕಾರ್ನ್' ಎಂದರೆ ಕಲ್ಲುಗುಪ್ಪೆ, ಅದರಂತೆ ಕಾಣುವ ಬೆಟ್ಟ. ಇದು ಪೂರ್ವದ ಕಡೆಗೆ ಹೆಚ್ಚು. 'ಮ್ಯೌಲ್' ಎಂದರೆ ಮುದ್ದೆ; ಚೂಪಿಲ್ಲದ ಉರುಟಾದ ಗುಡ್ಡ. 'ಸ್ಟೋಬ್' ಎಂದರೆ ಗೂಟ, ಮೋಟು. ಸಣ್ಣ ದಿಬ್ಬಕ್ಕೆ ಬೇರೆಯೇ ಒಂದು ಮಾತುಂಟು. ಅದನ್ನು 'ಕ್ನೋಕ್' ಎಂದು ಬರೆದು 'ಕ್ರೋಹ್ಕ್' ಎಂದು ಉಚ್ಚರಿಸುವರು. ಹೀಗೆ ಒಂದೊಂದು ಪದವೂ ಆಕಾರವನ್ನೋ ಗಾತ್ರವನ್ನೋ ಮೇಲ್ಮೈಯನ್ನೋ ಬೇರೆಮಾಡಿ ಹೇಳುತ್ತದೆ. ಪಟ್ಟಿಯ ಬಲಗಡೆಯಲ್ಲಿ ಇವೆಲ್ಲವೂ 'ಬೆಟ್ಟ'ವಾದೊಡನೆ ವಿಶೇಷಣವು ಮಾತ್ರ ಉಳಿದು ವಿಶೇಷ್ಯವು ನಷ್ಟವಾಗುತ್ತದೆ. ಕಣ್ಣಿಗೆ ಕಾಣುವ ಆಕಾರವನ್ನು ಹೇಳುತ್ತಿದ್ದುದು ಆ ವಿಶೇಷ್ಯವೇ ಎಂಬುದನ್ನು ಗಮನಿಸಬೇಕು.

ಇದಲ್ಲದೆ ಪದಗಳು ದೇಶಕಾಲಗಳನ್ನು ಅನುಸರಿಸಿ ಅರ್ಥವನ್ನು ಬದಲಾಯಿಸಿಕೊಂಡಿವೆ. 'ಶ್ಲೀವ್' ಎಂದರೆ ಐರ್ಲೆಂಡಿನಲ್ಲಿ ಪರ್ವತ. ಸ್ಕಾಟ್ಲೆಂಡಿನಲ್ಲಿ ಅದೇ ಪದವು ಸಾಮಾನ್ಯವಾಗಿ ಬೆಟ್ಟದ ಇಳಿಜಾರನ್ನೋ ಬಯಲಾದ ಹುಲ್ಲುನೆಲವನ್ನೋ ಹೇಳುತ್ತದೆ. 'ಆಲ್ಟ್' ಎಂಬ ಪದವು ಪ್ರಾಚೀನ ಐರಿಷ್ ಭಾಷೆಯಲ್ಲಿ ಎತ್ತರವಾದ ದಡವನ್ನು, ಕಡಿದಾದ ಬದಿಯನ್ನು ಹೇಳುತ್ತಿದ್ದಿತು. ಈಗಿನ ಗೇಲಿಕ್ಕಿನಲ್ಲಿ ಅದಕ್ಕೆ ಹಳ್ಳವೆಂದು ಅರ್ಥ. ದಡದ ಹೆಸರು ದಡದ ನಡುವೆ ಹರಿಯುವ ನೀರಿಗೆ ಬಂದಿತು. ಆಲಂಕಾರಿಕರು ಇದನ್ನು ಸಾಮೀಪ್ಯಸಂಬಂಧದ ಲಕ್ಷಣೆಯೆಂದು ಕೂಡಲೆ ಗುರುತಿಸಬಲ್ಲರು. ಲಕ್ಷಣೆಯೇ ಕಾಲಕ್ರಮದಿಂದ ರೂಢಿಯಾಗಿ ನಿಂತಿದೆ. ಆದುದರಿಂದ ನಾಮವು ಯಾವ ಸೀಮೆಯದು, ಯಾವ ಕಾಲದ್ದು ಎಂಬುದನ್ನು ನಿರ್ಣಯಿಸದೆ ನಿಘಂಟನ್ನು ತೆರೆಯುವವನು ಹಳ್ಳವನ್ನು ಬೆಟ್ಟವೆಂದಾನು, ಬೆಟ್ಟವನ್ನು ಹುಲ್ಲುಗಾವಲೆಂದಾನು.

ಎರಡನೆಯ ವಿಚಾರವು ಧ್ವನಿಗೆ ಸಂಬಂಧಿಸಿದುದು. 'ನೀಲ' ಎಂಬರ್ಥದ ಗೇಲಿಕ್ ಪದವನ್ನು 'ಗೊರ್ಮ್' ಎಂದು ಬರೆದರೂ ಆಡುವಾಗ 'ಗೊರೊಮ್' ಎಂದೇ ಕೇಳಿಬರುತ್ತದೆ. ರೇಫಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಒಂದು ಸ್ವರದ ಅಂಶವು ತಲೆದೋರುತ್ತದೆ. ಪ್ರಾತಿಶಾಖ್ಯಗಳಲ್ಲಿ ಇಂಥ ಸ್ವರಾಂಶಕ್ಕೆ 'ಸ್ವರಭಕ್ತಿ' ಎಂಬ ಹೆಸರುಂಟು. ಪಾಶ್ಚಾತ್ಯ ಕೆಲ್ಟಿಕ್ ಪಂಡಿತರೂ ತಮ್ಮ ವ್ಯಾಕರಣಗಳಲ್ಲಿ ಈ ಸಂಸ್ಕೃತ ಸಂಜ್ಞೆಯನ್ನೇ ಬಳಸುತ್ತಿರುವುದು ನಮ್ಮವರಿಗೆ ಸಂತೋಷದ ಸಂಗತಿ. ಮೇಲೆ ಹೇಳಿದ 'ಎನೆಮ್' ಪದದಲ್ಲಿಯೂ ಇದೇ ಸ್ವರಭಕ್ತಿಯಿದೆ. ಇನ್ನು ಪದದ ಆದಿವ್ಯಂಜನವು ವ್ಯಾಕರಣದ ಸನ್ನಿವೇಶವನ್ನು ಅನುಸರಿಸಿ ಶಿಥಿಲವಾಗುವುದು ಆ ಭಾಷೆಯ ವಿಶೇಷ ಲಕ್ಷಣ. 'ಮೋರ್' ಎಂದರೆ ದೊಡ್ಡದು. ಸ್ತ್ರೀಲಿಂಗವಾದ 'ಬೇನ್' ಪದದ ಮುಂದೆ ಅದು 'ವೋರ್' ಆಗುತ್ತದೆ. 'ಬಾನ್' ಎಂದರೆ ಬಿಳಿದು. ಅದು 'ವಾನ್' ಆಗುತ್ತದೆ. ಹೀಗಿರಲು ಭಾಷೆಯನ್ನರಿಯದ ನಕ್ಷೆಗಾರನು ಕಿವಿಗೆ ಬಿದ್ದಂತೆ ಬರೆದ ರೂಪದಿಂದ ಪ್ರಕೃತಿಯನ್ನು ಕಂಡುಹಿಡಿಯುವುದು ವ್ಯಾಕರಣಜ್ಞನಿಗಲ್ಲದೆ ಸಾಧ್ಯವಲ್ಲ.

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯ. ಬೆಟ್ಟದ ಮೈಯಲ್ಲಿ ಹಿಮನದಿಯು ತೋಡಿದ ಬೋಗುಣಿಯಂಥ ತಗ್ಗಿಗೆ ಗೇಲಿಕ್ಕಿನಲ್ಲಿ 'ಕೊರೆ' ಎಂದು ಹೆಸರು. ಕೇಳಿದೊಡನೆ ಕನ್ನಡಿಗನಿಗೆ ತನ್ನ 'ಕೊರೆ' ಧಾತು ನೆನಪಾಗಿ, ಕೊರೆದುದರಿಂದ ಕೊರೆಯಾಯಿತೆಂದು ಹಿಗ್ಗುವ ಸಂಭವವುಂಟು. ಇದು ಕೇವಲ ಕಾಕತಾಳೀಯ. ಆ ಪದಕ್ಕೆ ಮೂಲಾರ್ಥವು ಅಡಿಗೆಯ ಹಂಡೆ, ಕೊಪ್ಪರಿಗೆ. ಅದಕ್ಕೆ ನಿಜವಾದ ಬಂಧುವು ಹವಿಸ್ಸನ್ನು ಬೇಯಿಸುವ ಪಾತ್ರೆಯ ವಾಚಕವಾದ ಸಂಸ್ಕೃತದ 'ಚರು' ಶಬ್ದ. ಒಂದೇ ಎಂದು ಕೇಳಿಸುವ ಕನ್ನಡ ಪದಕ್ಕೆ ನಂಟಿಲ್ಲ. ಬೇರೆಯೆಂದು ಕೇಳಿಸುವ ಸಂಸ್ಕೃತ ಪದಕ್ಕೆ ನಂಟುಂಟು. ಧ್ವನಿಸಾಮ್ಯವು ಪ್ರಮಾಣವಲ್ಲ, ಧ್ವನಿಪರಿಣಾಮದ ನಿಯಮವೇ ಪ್ರಮಾಣ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಸಿಕ್ಕದು. ಆದರೆ ಅರ್ಥಸಾಮ್ಯದ ಮಾತು ಬೇರೆ. ಪ್ರಾಚೀನ ಐರಿಷಿನಲ್ಲಿ 'ಬೇನ್' ಪದದ ಪೂರ್ವರೂಪಕ್ಕೆ ಶಿಖರವೆಂದೂ ಪ್ರಾಣಿಯ ಕೊಂಬೆಂದೂ ಎರಡರ್ಥಗಳಿದ್ದುವು; ಸಂಸ್ಕೃತದ 'ಶೃಂಗ', ಕನ್ನಡದ 'ಕೋಡು' ಪದಗಳಿಗೂ ಅವೇ ಎರಡರ್ಥಗಳು. ಇದು ಪದಗಳ ನಂಟಲ್ಲ, ಬೆಟ್ಟವನ್ನು ನೋಡಿದ ಕಣ್ಣುಗಳ ನಂಟು.

ಮೂರನೆಯದು ಬಣ್ಣಗಳ ವಿಚಾರ. ಸ್ಕಾಟ್ಲೆಂಡಿನ ಮಧ್ಯಪೂರ್ವದಲ್ಲಿರುವ ಒಂದು ದೊಡ್ಡ ಪರ್ವತಶ್ರೇಣಿಗೆ ಇಂಗ್ಲಿಷ್ ನಕ್ಷೆಗಳಲ್ಲಿ 'ಕೇರ್ನ್‌ಗಾರ್ಮ್ಸ್' ಎಂದು ಹೆಸರು. ೧೨೪೫ ಮೀಟರು ಎತ್ತರವಾದ 'ಕಾರ್ನ್ ಗೊರೊಮ್' ಎಂಬ ಒಂದು ಶಿಖರದ ನಾಮವನ್ನು ಇಡೀ ಶ್ರೇಣಿಗೆ ಅನ್ವಯಿಸಿದುದರಿಂದ ಬಂದ ಹೆಸರಿದು. ಪಟ್ಟಿಯ ಪ್ರಕಾರ ಇದಕ್ಕೆ 'ನೀಲಿ ಬೆಟ್ಟಗಳು' ಎಂದು ಅರ್ಥವಾಯಿತು. ಆದರೆ ಗೇಲಿಕ್ ಆಡುವವರು ಆ ಶ್ರೇಣಿಯನ್ನು ಕರೆಯುತ್ತಿದ್ದುದು 'ಅಮ್ ಮೊನಗ್ ರುವಗ್' ಎಂದು. ಕೆಂಪು ಬೆಟ್ಟಸೀಮೆಯೆಂದು ಅದರ ಅರ್ಥ. 'ರುವಗ್' ಪದವು ನಮ್ಮ 'ರುಧಿರ', 'ಲೋಹಿತ'ಗಳ ಬಂಧು. ಸ್ಪೇ ನದಿಯ ಕಣಿವೆಯಲ್ಲಿ ನಿಂತವನಿಗೆ ಒಂದು ಪಾರ್ಶ್ವದಲ್ಲಿ ಕೆಂಗಲ್ಲಿನ ಈ ಶ್ರೇಣಿಯು ಕಾಣುತ್ತದೆ; ಇನ್ನೊಂದು ಪಾರ್ಶ್ವದ ಎತ್ತರದ ನೆಲಕ್ಕೆ 'ಅಮ್ ಮೊನಗ್ ಲಿಯಹ್', ಎಂದರೆ ಬೂದುಬಣ್ಣದ ಬೆಟ್ಟಸೀಮೆ, ಎಂದು ಹೆಸರು. ಇವೆರಡೂ ಜೋಡಿನಾಮಗಳು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವು ಪೂರ್ಣವಾಗದು. ನಡುವಣ ಕಣಿವೆಯಲ್ಲಿ ವಾಸಿಸುತ್ತ, ಎಡಕ್ಕೂ ಬಲಕ್ಕೂ ನೋಡುತ್ತಿದ್ದ ಜನರ ನಿಲುವು ಈ ಜೋಡಿಯಲ್ಲಿ ಅಡಗಿದೆ. ಶಿಖರವೊಂದರ ಹೆಸರನ್ನು ಶ್ರೇಣಿಗೆ ಹೊರಿಸಿದುದರಿಂದ ಕೆಂಪು ನೀಲಿಯಾಯಿತು. ಅದಕ್ಕಿಂತ ಹೆಚ್ಚಾಗಿ, ನೋಡುವವನು ನಿಂತ ಸ್ಥಳವೇ ನಾಮದಿಂದ ಮಾಯವಾಯಿತು.

ಬಣ್ಣದ ಪದಗಳಾದರೂ ಇಂಗ್ಲಿಷಿನ ಪದಗಳಿಗೆ ಸರಿಯಾಗಿ ಹೊಂದುವುದಿಲ್ಲ. 'ಗೊರೊಮ್' ಎಂಬುದು ದೂರದ ಬೆಟ್ಟದ ನೀಲಿಯನ್ನೂ ಹೇಳೀತು, ಕೊಬ್ಬಿದ ಹುಲ್ಲಿನ ದಟ್ಟ ಹಸುರನ್ನೂ ಹೇಳೀತು. 'ಗ್ಲಸ್' ಎಂಬುದು ಬೂದಿಗೂ ಹಸುರಿಗೂ ನಡುವಣ ಬಣ್ಣ. 'ರಿಯವಹ್' ಎಂಬುದು ಪಟ್ಟೆಪಟ್ಟೆಯಾದ ಕಂದು. ೧೨೯೬ ಮೀಟರು ಎತ್ತರವಾದ 'ಬ್ರೇರಿಯಾಕ್' ಶಿಖರದ ನಾಮದಲ್ಲಿರುವ ವಿಶೇಷಣ ಇದೇ. ದನಗಳ ಮೈಬಣ್ಣವನ್ನು ಹೇಳುವುದಕ್ಕೂ ಈ ಪದವು ಸಲ್ಲುತ್ತದೆ. ದನಕಾಯುವವನ ಕಣ್ಣು ಬೆಟ್ಟದ ಮೈಯನ್ನು ದನದ ಮೈಯಂತೆ ನೋಡಿತೆಂಬುದನ್ನು 'ಕಂದು ಬೆಟ್ಟ' ಎಂಬ ಅನುವಾದವು ಹೇಗೆ ತಾನೇ ತಿಳಿಸೀತು?

ಇನ್ನು ಯೋಗ-ರೂಢಿಗಳ ವಿಚಾರಕ್ಕೆ ಬರೋಣ. ಶಬ್ದಗಳು ಯೌಗಿಕ, ರೂಢ, ಯೋಗರೂಢ ಎಂದು ವಿಭಾಗಗೊಳ್ಳುವುದು ವಾಚಕರಿಗೆ ವಿದಿತವೇ ಆಗಿದೆ. ಅರ್ಥ ತಿಳಿಯುವ ಗಿರಿನಾಮಗಳು ಪ್ರಾಯಶಃ ಯೋಗರೂಢಗಳು. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲದಂತೆ, ನೀಲವಾಗಿ ಕಾಣುವ ಬೆಟ್ಟವೆಲ್ಲವೂ ಕಾರ್ನ್ ಗೊರೊಮ್ ಅಲ್ಲ. ಆದರೆ ಅವಯವಾರ್ಥವು ಅಳಿದು ರೂಢಿಯೊಂದೇ ಉಳಿದ ನಾಮಗಳೂ ಉಂಟು. ಬ್ರಿಟನ್ನಿನಲ್ಲೆಲ್ಲ ಅತ್ಯುನ್ನತವಾದ, ೧೩೪೫ ಮೀಟರು ಎತ್ತರದ ಬೆನ್ ನೆವಿಸ್ ಇಂಥದು. ಇದಕ್ಕೆ ಅರ್ಥವನ್ನು ಹೇಳುವವರಲ್ಲಿ ಹಲವು ಪಕ್ಷಗಳಿವೆ. ಸ್ವರ್ಗವಾಚಕವಾದ ಗೇಲಿಕ್ ಪದವನ್ನೂ ಹಣೆಯ ವಾಚಕವಾದ ಪದವನ್ನೂ ಕೂಡಿಸಿ 'ಆಕಾಶದಲ್ಲಿ ಹಣೆಯುಳ್ಳದು' ಎಂಬುದು ಒಂದು ಪಕ್ಷ. ವಿಷವಾಚಕ ಪದದಿಂದ 'ವಿಷಮಯವಾದುದು, ಕ್ರೂರವಾದುದು' ಎಂಬುದು ಇನ್ನೊಂದು. ನದಿಯ ನಾಮವೇ ಮೊದಲಿದ್ದು, ಬೆಟ್ಟಕ್ಕೆ ಅನಂತರ ಬಂದಿತೆಂಬುದು ಮೂರನೆಯದು.

ಮೊದಲನೆಯ ಪಕ್ಷವು ಕೈಪಿಡಿಗಳಿಗೆ ಬಹಳ ಪ್ರಿಯವಾದುದು. ಶಿಖರವು ಬಹುದಿನ ಮೋಡದಲ್ಲಿ ಮುಳುಗಿರುವುದರಿಂದ ಅರ್ಥವು ಸೊಗಸಾಗಿ ಹೊಂದುತ್ತದೆ. ನಮ್ಮಲ್ಲಿಯ ಸಂಸ್ಕೃತಜ್ಞರಿಗೆ ಇಲ್ಲಿ 'ನಭಸ್' ಶಬ್ದವು ನೆನಪಾಗುವುದೂ ಸಹಜವೇ. ಆದರೆ ಸ್ಮೃತಿಯು ಪ್ರಮಾಣವಲ್ಲವೆಂದು ನೈಯಾಯಿಕರು ಹೇಳಿರುವರಷ್ಟೆ. ಬೆಟ್ಟದ ಬುಡದ ಕಣಿವೆಗೂ ಅಲ್ಲಿ ಹರಿಯುವ ನೀರಿಗೂ ನೆವಿಸ್ ಎಂದೇ ಹೆಸರು. ಅಲ್ಲಿಂದ ದೂರದಲ್ಲಿ, ಪಶ್ಚಿಮತೀರದ ಒಂದು ಕಡಲತೋಳಿಗೂ ಅದೇ ಹೆಸರು. ಆ ಕಡಲತೋಳಿಗೆ ಹಣೆಯೆಲ್ಲಿ ಬಂದಿತು? ಒಂದೇ ನಾಮವುಳ್ಳ ಸ್ಥಳಗಳಲ್ಲಿ ಒಂದಕ್ಕೆ ಮಾತ್ರ ಹೊಂದುವ ಅರ್ಥವು ಅವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಆದುದರಿಂದ ನೀರಿನ ನಾಮವೇ ಪ್ರಾಚೀನವೆಂಬ ಪಕ್ಷವು ಹೆಚ್ಚು ಯುಕ್ತಿಯುಕ್ತವಾಗಿ ಕಾಣುತ್ತದೆ. ಆ ನೀರಿನ ನಾಮದ ಮೂಲವು ಇನ್ನೂ ನಿರ್ಣೀತವಾಗಿಲ್ಲ. ಅನಿರ್ಣೀತವಾದುದನ್ನು ಅನಿರ್ಣೀತವೆಂದು ಬರೆಯುವ ಧೈರ್ಯವು ಪಟ್ಟಿಗಾರರಿಗೆ ಇಲ್ಲದಿರುವುದೇ ಶೋಚನೀಯ.

ರೂಪವು ವೇಷ ಹಾಕಿಕೊಂಡು ಮೋಸಗೊಳಿಸುವುದೂ ಉಂಟು. ವಾಯವ್ಯದ ಸೀಮೆಯಲ್ಲಿ ಕಂಬದಂತೆ ಒಂಟಿಯಾಗಿ ನಿಂತಿರುವ 'ಸೂಲ್ವೆನ್' ಬೆಟ್ಟದ ನಾಮದಲ್ಲಿ ಕಡೆಯ ಭಾಗವು ಶಿಥಿಲವಾದ 'ಬೇನ್' ಎಂದೇ ತೋರುತ್ತದೆ. ಆದರೆ ಅದು ಗೇಲಿಕ್ಕೇ ಅಲ್ಲ. ಸಮುದ್ರಮಾರ್ಗವಾಗಿ ಬಂದು ನೆಲಸಿದ ನಾರ್ಸ್ ಜನರು ಕಂಬವಾಚಕವಾದ 'ಸೂಲ', ಬೆಟ್ಟವಾಚಕವಾದ 'ಫ್ಯಾಲ್' ಎಂಬ ತಮ್ಮ ಪದಗಳನ್ನು ಕೂಡಿಸಿ ಇಟ್ಟ ನಾಮಕ್ಕೆ ಗೇಲಿಕ್ ಬಾಯಿಯು ತನ್ನ ಉಡುಪನ್ನು ತೊಡಿಸಿತು. ಗ್ಲೆನ್‌ಕೋ ಕಣಿವೆಯ ಮೇಲಿರುವ, ೧೧೫೦ ಮೀಟರು ಎತ್ತರದ ಶಿಖರವನ್ನು ನಕ್ಷೆಯು 'ತೊಗಲುಗಳ ಕೋಡು' ಎಂಬರ್ಥ ಬರುವಂತೆ ಬರೆದಿದೆ. 'ಬೆಟ್ಟಗಳ ಕೋಡು' ಎಂಬುದೇ ಮೂಲವೆಂಬ ಪಕ್ಷವೂ ಉಂಟು. ಸುತ್ತಲಿನ ಬೆಟ್ಟಗಳಿಗೆಲ್ಲ ಎತ್ತರವಾದ ಶಿಖರಕ್ಕೆ ಎರಡನೆಯದು ಹೊಂದುವಷ್ಟು ಮೊದಲನೆಯದು ಹೊಂದದು. ಒಂದು ಸ್ವರದ ಬರವಣಿಗೆಯಿಂದ ಬೆಟ್ಟವು ತೊಗಲಾಗಬಲ್ಲದು ಎಂಬಷ್ಟಕ್ಕೆ ಇದು ನಿದರ್ಶನ.

ಯಾಸ್ಕನು ನಿರ್ವಚನದ ಪ್ರಕರಣದಲ್ಲಿ ಅರ್ಥವನ್ನೇ ಮುಖ್ಯವಾಗಿಟ್ಟುಕೊಂಡು ಪರೀಕ್ಷಿಸಬೇಕೆಂದು ಉಪದೇಶಿಸಿದ್ದಾನೆ. ಈ ಮಾತನ್ನು ಬೇಕಾದ ಅರ್ಥವನ್ನು ಎಳೆದುಕೊಳ್ಳಲು ಅನುಮತಿಯೆಂದು ತಿಳಿಯುವವರಿದ್ದಾರೆ. ಗಿರಿನಾಮಗಳ ವಿಷಯದಲ್ಲಿ ಅರ್ಥವೆಂದರೆ ಕಣ್ಣೆದುರಿಗಿರುವ ಬೆಟ್ಟವೇ. ಅದು ನಮ್ಮ ಇಚ್ಛೆಗೆ ಬಗ್ಗುವುದಲ್ಲ. ಪ್ರಾಚೀನ ಲಿಖಿತರೂಪ, ಸ್ಥಳೀಯರ ಉಚ್ಚಾರಣೆ, ವ್ಯಾಕರಣ, ನೆಲದ ಆಕಾರ - ಈ ನಾಲ್ಕೂ ಏಕವಾಕ್ಯತೆಗೆ ಬಂದಾಗಲೇ ನಿರ್ವಚನವು ನಿಲ್ಲುತ್ತದೆ. ವಾಟ್ಸನ್ನರ ಗ್ರಂಥದ ಹಿರಿಮೆಯಿರುವುದು ಪ್ರಾಚೀನರೂಪಗಳನ್ನೂ ಜೀವಂತ ಉಚ್ಚಾರಣೆಯನ್ನೂ ಒಟ್ಟಿಗೆ ತೂಗುವುದರಲ್ಲಿ.

ನಾಮಗಳನ್ನಿಟ್ಟ ಜನರ ಮನೋಧರ್ಮಕ್ಕೆ ಶರೀರವಾಚಕ ನಾಮಗಳು ಒಳ್ಳೆಯ ಸಾಕ್ಷಿ. ಬೆಟ್ಟದ ಮುಂಚಾಚಿಗೆ 'ಸ್ತ್ರೋನ್', ಎಂದರೆ ಮೂಗು. ಉದ್ದನೆಯ ಏಣಿಗೆ 'ದ್ರುಯಿಮ್', ಎಂದರೆ ಬೆನ್ನು. ಬದಿಗೆ 'ಗುವಲನ್', ಎಂದರೆ ಹೆಗಲು. ಕೆಳಕ್ಕೆ ಇಳಿದು ನಿಂತ ಭಾಗಕ್ಕೆ 'ಸಾಲ್', ಎಂದರೆ ಹಿಮ್ಮಡಿ. ಸ್ತನದ ಹೆಸರುಳ್ಳ ಶಿಖರಗಳು ಹಲವಿವೆ. ಮನೆವಾರ್ತೆಯಿಂದ ಬಂದ ನಾಮಗಳೂ ಇವೆ: ಒಂದು ಬೆಟ್ಟಕ್ಕೆ ಹಾಲಿನ ಕೊಡವೆಂದು ಹೆಸರು, ಇನ್ನೊಂದಕ್ಕೆ ಕಮ್ಮಾರನ ಕುಲುಮೆಯೆಂದು ಹೆಸರು. ಎಟಿವ್ ಕಣಿವೆಯ ತಲೆಯಲ್ಲಿ ನಿಂತ ಎರಡು ಬೆಟ್ಟಗಳು 'ಬುವಹಿಲೆ' ಎಂದು ಕರೆಯಲ್ಪಡುತ್ತವೆ. ಅದರ ಅರ್ಥ ದನಕಾಯುವವನು. ಆ ಪದದ ಪೂರ್ವಭಾಗವು ನಮ್ಮ 'ಗೋ' ಶಬ್ದದ ಬಂಧು. ಅರ್ಥದಿಂದ ಹೇಳುವುದಾದರೆ, ಎಟಿವ್ ಕಣಿವೆಯನ್ನು ಹಿರಿಯ ಗೋಪಾಲನೊಬ್ಬನೂ ಕಿರಿಯ ಗೋಪಾಲನೊಬ್ಬನೂ ಕಾಯುತ್ತಿದ್ದಾರೆ. ಬೇಸಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಅಟ್ಟಿಕೊಂಡು ಹೋಗಿ, ಅಲ್ಲಿಯ ಗುಡಿಸಲುಗಳಲ್ಲಿದ್ದುಕೊಂಡು ಹಾಲು ಬೆಣ್ಣೆಗಳ ಕೆಲಸ ನಡಸುತ್ತಿದ್ದ ಜನಕ್ಕೆ ಬೆಟ್ಟವು ದೂರದ ಚಿತ್ರವಾಗಿರಲಿಲ್ಲ, ದುಡಿಮೆಯ ಅಂಗಳವಾಗಿದ್ದಿತು. ಆ ಗುಡಿಸಲಿನ ವಾಚಕವಾದ 'ಆರಿ' ಎಂಬ ಪದವು ಈಗ ಯಾರೂ ವಾಸಿಸದ ಇಳಿಜಾರುಗಳ ಮೇಲೆ ಅನೇಕ ಕಡೆ ಉಳಿದುಕೊಂಡಿದೆ.

ಈ ಸಂದರ್ಭದಲ್ಲಿ ಸಂಕೋಚದ ವಿಷಯವಾದರೂ ವಿಮರ್ಶಕನು ಬಿಡಬಾರದ ಒಂದು ನಾಮವುಂಟು. ೧೦೦೪ ಮೀಟರು ಎತ್ತರದ ಒಂದು ಬೆಟ್ಟಕ್ಕೆ ಇಂಗ್ಲಿಷಿನಲ್ಲಿ 'ದೆವ್ವದ ಮೊನೆ' ಎಂಬರ್ಥದ ಹೆಸರು ಪ್ರಸಿದ್ಧವಾಗಿದೆ. ಗೇಲಿಕ್ ನಾಮಕ್ಕೆ 'ದೆವ್ವದ ಶಿಶ್ನ' ಎಂದು ಅರ್ಥ. ವಿಕ್ಟೋರಿಯಾ ರಾಣಿಯು ಅರ್ಥವನ್ನು ಕೇಳಿದಾಗ ಜತೆಗಿದ್ದ ಸೇವಕನು ಮರೆಮಾಚಿ ಹೇಳಿದುದರಿಂದ ಹೀಗಾಯಿತೆಂದು ಐತಿಹ್ಯವಿದೆ. ಐತಿಹ್ಯವು ಹೇಗೇ ಇರಲಿ, ಅನುವಾದವು ಮೂಲವನ್ನು ತಿದ್ದಿತೆಂಬುದು ನಿಸ್ಸಂದೇಹ. ಅಶ್ಲೀಲತೆಯು ಕಾವ್ಯದೋಷವೆಂದು ಆಲಂಕಾರಿಕರು ಹೇಳಿರುವುದು ಸತ್ಯ. ಆದರೆ ಸಂದರ್ಭವಿಶೇಷದಲ್ಲಿ ದೋಷವು ದೋಷವಾ‍ಗದೆಂದೂ ಅವರೇ ಹೇಳಿದ್ದಾರೆ. ನಾಮವು ಸಭೆಯಲ್ಲಿ ಓದುವ ಕಾವ್ಯವಲ್ಲ. ಬೆಟ್ಟದ ಮೇಲೆ ದನಕಾಯುವವರು ತಮ್ಮೊಳಗೆ ನಕ್ಕು ಆಡಿದ ಮಾತನ್ನು ಸಭ್ಯಗೊಳಿಸುವ ಅಧಿಕಾರವು ಅನುವಾದಕನಿಗೆ ಇಲ್ಲ. ಹೀಗೆ ಸಭ್ಯಗೊಳಿಸುತ್ತ ಹೋದರೆ ಕಡೆಗೆ ಉಳಿಯುವುದು ಜನರಿಲ್ಲದ ನಾಡಿನ ನಾಮಾವಳಿ.

ಇದುವರೆಗೆ ಹೇಳಿದುದರ ಬೆಲೆಯನ್ನು ಒಂದು ಕಾವ್ಯದಿಂದ ಪರೀಕ್ಷಿಸಬಹುದು. ಡಂಕನ್ ಬಾನ್ ಮೆಕಿಂಟೈರ್ ಎಂಬ ಕವಿಯು ೧೭೨೪ರಿಂದ ೧೮೧೨ರ ವರೆಗೆ ಬಾಳಿದವನು, ಓದುಬರಹ ಅರಿಯದವನು, ಜಿಂಕೆಯ ಕಾಡುಗಳ ಕಾವಲಿನವನಾಗಿ ದುಡಿದವನು. ಅವನ ಬಾಯಿಂದ ಬಂದ ಕವಿತೆಗಳನ್ನು ಬೇರೆಯವರು ಬರೆದುಕೊಂಡು ೧೭೬೮ರಲ್ಲಿ ಪ್ರಕಟಿಸಿದರು. ೧೦೭೬ ಮೀಟರು ಎತ್ತರದ 'ಬೇನ್ ದೋರನ್' ಎಂಬ ಬೆಟ್ಟದ ಸ್ತುತಿಯಾದ ಅವನ ಕಾವ್ಯವು ಗೇಲಿಕ್ ಸಾಹಿತ್ಯದಲ್ಲಿ ಶ್ರೇಷ್ಠವೆಂದು ಪರಿಗಣಿತವಾಗಿದೆ. ಅದು ಚೀಲಕೊಳಲಿನ ಪ್ರೌಢಸಂಗೀತದ ಕ್ರಮದಲ್ಲಿ ರಚಿತವಾದುದು. 'ನೆಲ' ಎಂಬರ್ಥದ ಹೆಸರುಳ್ಳ ಮೂಲರಾಗಭಾಗವು ಮರಳಿ ಮರಳಿ ಬರುತ್ತದೆ, ನಡುನಡುವೆ ವಿಸ್ತಾರಗಳು ಬರುತ್ತವೆ, ಕಡೆಯಲ್ಲಿ ದ್ರುತವಾದ ಮುಕ್ತಾಯವುಂಟು.

ಈ ಕಾವ್ಯದಲ್ಲಿ ಕಥೆಯಿಲ್ಲ, ನೀತಿಯಿಲ್ಲ, ಕೇವಲ ಜಿಂಕೆ, ಗಿಡ, ನೀರು, ಬಂಡೆಗಳ ಪಟ್ಟಿಯೆಂದು ಆಕ್ಷೇಪಿಸಬಹುದು. ಇದು ಸ್ವಭಾವೋಕ್ತಿಯನ್ನು ಕುರಿತ ಹಳೆಯ ಪೂರ್ವಪಕ್ಷವೇ. ಕುಂತಕನು ಅದನ್ನು ಅಲಂಕಾರವೆಂದು ಒಪ್ಪಲಿಲ್ಲ. ದಂಡಿಯಾದರೋ ಅಲಂಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನಿತ್ತನು. ಗೇಲಿಕ್ ಕವಿಯ ವಿಷಯದಲ್ಲಿ ದಂಡಿಯ ಮತವೇ ಗ್ರಾಹ್ಯ. ಇಲ್ಲಿ ಕವಿಯು ಮಾಡಿರುವ ಕೆಲಸವು ನಾಮಕರಣದ ಕೆಲಸದಿಂದ ಜಾತಿಯಲ್ಲಿ ಭಿನ್ನವಾದುದಲ್ಲ. ಗಿರಿನಾಮವೆಂಬುದು ಎರಡು ಪದಗಳ ಸ್ವಭಾವೋಕ್ತಿ. ಈ ಕಾವ್ಯವು ಐನೂರಕ್ಕೂ ಮಿಕ್ಕ ಸಾಲುಗಳ ನಾಮ. ಬೆಟ್ಟದ ನಾಮದಲ್ಲಿಯ 'ದೋರನ್' ಎಂಬುದಕ್ಕೆ ಸಣ್ಣ ತೊರೆಯೆಂದು ಒಂದು ಪಕ್ಷ, ನೀರುನಾಯಿಯೆಂದು ಇನ್ನೊಂದು ಪಕ್ಷ; ಎರಡೂ ನೀರಿನ ವಾಚಕವಾದ ಒಂದೇ ಹಳೆಯ ಪದದಿಂದ ಬಂದುವು. ಪಟ್ಟಿಗಾರನು ಎರಡರಲ್ಲೊಂದನ್ನು ಬರೆದು ಸುಮ್ಮನಾಗುತ್ತಾನೆ. ಕವಿಯು ಆ ಬೆಟ್ಟದ ನೀರು ಹೇಗಿದೆ, ಅದನ್ನು ಕುಡಿಯುವ ಜಿಂಕೆ ಹೇಗಿದೆ ಎಂಬುದನ್ನು ತೋರಿಸುತ್ತಾನೆ. ಅರ್ಥವನ್ನು ಹೇಳಿದವರು ಇವರಲ್ಲಿ ಯಾರು ಎಂಬುದನ್ನು ಸಹೃದಯರೇ ನಿರ್ಣಯಿಸಲಿ. ಇದನ್ನು ಇಂಗ್ಲಿಷಿಗೆ ತಂದವರಲ್ಲಿ ಹ್ಯೂ ಮೆಕ್‌ಡಯರ್ಮಿಡ್, ೧೯೬೯ರಲ್ಲಿ ಸ್ವತಃ ಗೇಲಿಕ್ ಕವಿಯಾದ ಇಯನ್ ಕ್ರೈಟನ್ ಸ್ಮಿತ್ ಮುಖ್ಯರು. ಇಬ್ಬರೂ ಬೆಟ್ಟದ ನಾಮವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡಿರುವುದು ಉಚಿತವಾಗಿದೆ.

ಇದೇ ಕವಿಯು ೧೮೦೨ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅದೇ ಬೆಟ್ಟಗಳಿಗೆ ಕಡೆಯ ವಿದಾಯವನ್ನು ಹಾಡಿದನು. ಆಗ ಬೆಟ್ಟದ ಮೇಲೆ ಕುರಿಗಳು ತುಂಬಿದ್ದುವು. ಅವನು ಕಂಡ ಜಿಂಕೆಯೂ ಜನವೂ ಹೋಗಿದ್ದುವು. ಬೆಟ್ಟವು ಬದಲಾಗದೆಂದು ನಂಬಿದ್ದವನಿಗೆ ಬೆಟ್ಟವೇ ಬದಲಾಗಿ ಕಂಡಿತು. ನಾಮವು ಮಾತ್ರ ಹಾಗೆಯೇ ಇದ್ದಿತು. ವಾಚ್ಯವು ಹೋದಮೇಲೆ ಉಳಿದ ವಾಚಕದ ದುಃಖವನ್ನು ಇಷ್ಟು ಸರಳವಾಗಿ ಹೇಳಿದ ಕವಿತೆಗಳು ಬಹಳವಿಲ್ಲ.

ಆದರೆ ಇಲ್ಲಿಯೊಂದು ಪೂರ್ವಪಕ್ಷವನ್ನು ಎದುರಿಸಬೇಕು: ನಾಮಕ್ಕೆ ಗುರುತು ಹಿಡಿಸುವುದೇ ಪ್ರಯೋಜನ, ಅವಯವಾರ್ಥವು ಮರೆತುಹೋದರೆ ನಷ್ಟವೇನು? ಜಗತ್ತಿನ ಅನೇಕ ನಾಮಗಳು ಹೀಗೆ ಮರೆತೇ ನಡೆಯುತ್ತಿಲ್ಲವೇ? ಇದಕ್ಕೆ ಸಮಾಧಾನವು ಅಂಕಿಗಳಿಂದ ದೊರೆಯುತ್ತದೆ. ೧೮೯೧ರಲ್ಲಿ ಸರ್ ಹ್ಯೂ ಮನ್ರೋ ಎಂಬವನು ಮೂರು ಸಾವಿರ ಅಡಿಗೆ ಮಿಕ್ಕ ಬೆಟ್ಟಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ ಪ್ರತ್ಯೇಕ ಬೆಟ್ಟಗಳೆಂದು ಎಣಿಸಿದುವು ೨೮೩, ಈಗಿನ ಎಣಿಕೆ ೨೮೨. ಅವೆಲ್ಲವನ್ನೂ ಹತ್ತಿ ಮುಗಿಸುವುದು ಸಾವಿರಾರು ಜನರ ವ್ರತವಾಗಿದೆ. ಅದೇ ೧೮೯೧ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷಿಕರು ಎರಡೂವರೆ ಲಕ್ಷಕ್ಕೆ ಮಿಕ್ಕಿದ್ದರು. ೨೦೧೧ರಲ್ಲಿ ಸುಮಾರು ೫೭,೦೦೦ಕ್ಕೆ ಇಳಿದರು. ೨೦೨೨ರಲ್ಲಿ ಭಾಷೆಯ ಅಲ್ಪಸ್ವಲ್ಪ ಪರಿಚಯವುಳ್ಳವರೂ ಸೇರಿ ಸುಮಾರು ೧,೩೦,೦೦೦ ಜನ ಲೆಕ್ಕಕ್ಕೆ ಬಂದರೂ, ಭಾಷೆಯ ಕೊನೆಯ ಆಶ್ರಯವಾದ ಪಶ್ಚಿಮ ದ್ವೀಪಗಳಲ್ಲಿಯೇ ಅದನ್ನು ಆಡಬಲ್ಲವರು ಅರ್ಧಕ್ಕಿಂತ ಕಡಮೆಯಾದರು. ನಾಮಗಳನ್ನು ಉಚ್ಚರಿಸುವವರು ಹೆಚ್ಚುತ್ತ, ನಾಮಗಳಲ್ಲಿ ಮಾತನಾಡಬಲ್ಲವರು ಕಡಮೆಯಾಗುತ್ತ ಬಂದಿರುವರೆಂಬುದು ಇದರ ತಾತ್ಪರ್ಯ. ಸಹಜವಾಗಿ ಮರೆತ ಅರ್ಥವು ಬೇರೆ. ಆಡುವ ನಾಲಗೆಯೇ ಇಲ್ಲವಾಗುವುದರಿಂದ ಸಾಯುವ ಅರ್ಥವು ಬೇರೆ. ಮೊದಲನೆಯದು ಭಾಷೆಯ ಬೆಳವಣಿಗೆ, ಎರಡನೆಯದು ಭಾಷೆಯ ಮರಣ. ಎರಡನೆಯದು ನಡೆಯುತ್ತಿರುವಾಗ ಪಟ್ಟಿಯೊಂದು ಕೈಯಲ್ಲಿದ್ದರೆ ಎಲ್ಲವೂ ಉಳಿದಿದೆಯೆಂಬ ಭ್ರಾಂತಿಯು ಹುಟ್ಟುತ್ತದೆ. ಪಟ್ಟಿಯ ದೊಡ್ಡ ದೋಷವು ಅದರ ತಪ್ಪುಗಳಲ್ಲಿಲ್ಲ, ಈ ಸಮಾಧಾನದಲ್ಲಿದೆ.

ಆದಕಾರಣ ಗಿರಿನಾಮಗಳ ಅರ್ಥವನ್ನು ಬೋಧಿಸುವವರು ವಿಶೇಷ್ಯವನ್ನು ನಷ್ಟಗೊಳಿಸಬಾರದು, ಉಚ್ಚಾರಣೆಯನ್ನು ಬಿಟ್ಟು ಬರಹವನ್ನು ನಂಬಬಾರದು, ನೋಡುವವನು ನಿಂತ ಸ್ಥಳವನ್ನು ಮರೆಯಬಾರದು, ತಿಳಿಯದುದಕ್ಕೆ ಸೊಗಸಾದ ಅರ್ಥವನ್ನು ಹೊಲಿಯಬಾರದು. ಈಗ ಸ್ಕೈ ದ್ವೀಪದ ಗೇಲಿಕ್ ವಿದ್ಯಾಶಾಲೆಯನ್ನು ನೆಲೆಯಾಗಿ ಮಾಡಿಕೊಂಡು ಗೇಲಿಕ್ ಸ್ಥಳನಾಮಗಳ ರೂಪಗಳನ್ನು ಪರಿಶೋಧಿಸಿ ನಿರ್ಣಯಿಸುತ್ತಿರುವ ಮಂಡಲಿಯು ಸ್ಥಳೀಯರ ಬಾಯಿಮಾತಿಗೆ ಬೆಲೆ ಕೊಡುತ್ತಿರುವುದು ಸರಿಯಾದ ಮಾರ್ಗ. ಹಿಂದೆ ಸರ್ಕಾರದ ಮೋಜಣಿಯವರು ನಾಮಗಳನ್ನು ಪುಸ್ತಕಕ್ಕೆ ಬರೆದುಕೊಂಡಾಗ ಸಾಮಾನ್ಯವಾಗಿ ಜಮೀನ್ದಾರರು, ಪಾದ್ರಿಗಳು, ಉಪಾಧ್ಯಾಯರು ಮುಂತಾದವರ ಸಾಕ್ಷ್ಯಕ್ಕೇ ಮನ್ನಣೆಯಿದ್ದಿತು. ಬೆಟ್ಟದ ಮೂಗನ್ನೂ ಹೆಗಲನ್ನೂ ಹಿಮ್ಮಡಿಯನ್ನೂ ದಿನದಿನವೂ ತುಳಿದು ಅರಿತಿದ್ದವನು ಕುರಿ ದನಗಳನ್ನು ಕಾಯುವವನು. ನಾಮದ ವಿಷಯದಲ್ಲಿ ಅವನೇ ಆಪ್ತನು. ಅವನ ವಾಕ್ಯವೇ ಶಬ್ದಪ್ರಮಾಣ.